ಹನ್ನೆರಡನೇ ಸಾಲು

ಚಳಿಗಾಲದ ಅಧಿವೇಶನಕ್ಕೆ ಇನ್ನು ಒಂಬತ್ತು ದಿನ.
ಸಾಹೇಬರು ಅಂದರು:
‘ರೋಬೋಟಿನ ಬಗ್ಗೆ ಪ್ರಶ್ನೆ ಬಂದರೂ ಬಂದೀತು,
ಒಂದು ಟಿಪ್ಪಣಿ ಇರಲಿ. ಒಂದೇ ಪುಟ.
ಹಾಳೆಯ ಎರಡೂ ಮಗ್ಗುಲು ಬೇಡ.’

ಹೋದೆ ಉದ್ಯಮಬಾಗಕ್ಕೆ,
ಬೆಳಗಾವಿ ಕಾರ್ಖಾನೆ ಇಲಾಖೆಯ ದ್ವಿತೀಯ ದರ್ಜೆ ಸಹಾಯಕಿ,
ಬಗಲಲ್ಲಿ ಫೈಲು, ಚೀಲದಲ್ಲಿ ಎರಡು ಚಪಾತಿ,
ಎರಡನೇ ರೈಲ್ವೆ ಗೇಟು ಬಿದ್ದು ಇಪ್ಪತ್ತು ನಿಮಿಷ ತಡ.

ಫೌಂಡ್ರಿಯ ಹಿಂದಿನ ಶೆಡ್ಡು.
ಎರಕದ ಮೈಮೇಲಿನ ಹೆಚ್ಚಿನ ಕಬ್ಬಿಣ
ಉಜ್ಜಿ ತೆಗೆಯುವ ಜಾಗ. ಇಲ್ಲಿ
ಬೆಳಕಿಗೂ ಕೆಮ್ಮು.

ನಡುವೆ ಗಾಜಿನ ಕೋಣೆ.
ಒಳಗೆ ಹಳದಿ ತೋಳು, ಆರು ಗಂಟು,
ಪಂಪಿನ ಕವಚವೊಂದನ್ನು ಎತ್ತಿ, ತಿರುವಿ,
ಬಳೆಗಾರ ಕೈ ಹಿಡಿದಷ್ಟು ಮೆತ್ತಗೆ
ಸಾಣೆಗೆ ಒಡ್ಡುತ್ತಿತ್ತು.

‘ಅಳಿಯ ಅಂತೀವ್ರಿ ಅದಕ್ಕ,’ ಅಂದ ದುಂಡಪ್ಪ ಹುಂಬರವಾಡಿ.
‘ಬಂದ ದಿನಾನ ಗಾಜಿನ ಖೋಲಿ, ತಂಪು ಗಾಳಿ,
ಕರೆಂಟ್ ಹೋದ್ರ ಅದಕ್ಕೊಂದು ಬ್ಯಾರೇ ಜನರೇಟರ್.
ನಾವೊಂದು ಫ್ಯಾನ್ ಕೇಳಿ ಮೂರ್ ವರ್ಷ ಆತು.’
ಎಲ್ಲರೂ ನಕ್ಕರು. ನಾನೂ.
ನಗು ಕೆಮ್ಮಿಗೆ ತಿರುಗಿದ್ದು ಅವರಿಗೆ ಮಾತ್ರ.

ಹಾಜರಿ ಪುಸ್ತಕ ಕೇಳಿದೆ.
ಮಾರ್ಚಿನಲ್ಲಿ ಹದಿನೇಳು ಹೆಸರು, ಈಗ ಹನ್ನೊಂದು.
ಹನ್ನೆರಡನೇ ಸಾಲಿನಲ್ಲಿ, ಯಾರದೋ ಕೀಟಲೆ, ಪೆನ್ಸಿಲ್ಲಿನಲ್ಲಿ:
ಹೆಸರು, ಅಳಿಯ.
ತಂದೆಯ ಹೆಸರು, ಒಂದು ಅಡ್ಡಗೆರೆ.
ವಯಸ್ಸು, ಏಳು ತಿಂಗಳು.
ಭವಿಷ್ಯನಿಧಿ ಇಲ್ಲ. ಇಎಸ್‌ಐ ಇಲ್ಲ.
ರಜೆ ಇಲ್ಲ, ಇಲ್ಲ, ಇಲ್ಲ, ತಿಂಗಳುದ್ದಕ್ಕೂ.
ಅಳಿಸಿ ಅನ್ನಬೇಕಿತ್ತು ನಾನು. ನಿಯಮ ಹಾಗಿದೆ.
ಅನ್ನಲಿಲ್ಲ.

ಹೋದ ಆರು ಜನ ಎಲ್ಲಿ?
ಮ್ಯಾನೇಜರು ತಗಡಿನ ಮಾಡು ನೋಡಿದರು.
ಗುಮಾಸ್ತ ಬೆರಳು ಮಡಿಸಿದ:
ಒಬ್ಬ ಅನಗೋಳದಲ್ಲಿ ಪಾವಭಾಜಿ ಗಾಡಿ,
ಇಬ್ಬರು ಕೊಲ್ಹಾಪುರದ ಕಡೆ, ಅಲ್ಲಿನ್ನೂ ಅಳಿಯ ಬಂದಿಲ್ಲ,
ಒಬ್ಬ ಸುಮ್ಮನೆ ಮನೆಯಲ್ಲಿ,
ಒಬ್ಬ ಇಲ್ಲೇ, ಗಾಜು ಒರೆಸುವ ಗುತ್ತಿಗೆಗೆ.
ಹೌದು, ಅದೇ ಗಾಜು.
ಆರನೆಯವನಿಗೆ ಆ ಕೈಯಲ್ಲಿ ಬೆರಳಿರಲಿಲ್ಲ.
‘ಹಸನಸಾಬ ಮಕಾನದಾರ. ಎದಿ ತುಂಬ ಉಸುಕು ಆಗಿತ್ತ್ರೀ.
ಅಳಿಯ ಹತ್ತು ವರ್ಷ ಮೊದಲ ಬಂದಿದ್ರ
ಉಳೀತಿದ್ದ.’

ಕಚೇರಿ. ಸಂಜೆ. ಬಿಳಿ ಹಾಳೆ.
‘ಸಾಧಕ ಬಾಧಕಗಳನ್ನು ಕೂಲಂಕಷವಾಗಿ ಪರಿಶೀಲಿಸಿ’
ಎಂದು ಬರೆದು ನಿಂತೆ.
ಬಸಿಯಲ್ಲಿ ಚಹಾ ಆರಿಸುತ್ತ ದುಂಡಪ್ಪ ಅಂದಿದ್ದ:
‘ಅದಕ್ಕ ಫುಪ್ಪಸ ಇಲ್ಲ, ಧೂಳ ಅದಕ್ಕ ಕೊಡ್ರಿ.
ಅದಕ್ಕ ಹೊಟ್ಟಿ ಇಲ್ಲ, ಪಗಾರ ಯಾಕ ಒಯ್ತೈತಿ?’
ಇದನ್ನು ಕಡತದ ಭಾಷೆಗೆ ತರುವುದು ಹೇಗೆ?

ತೆರಿಗೆ ಎಂದು ಬರೆದೆ. ಹೊಡೆದು ಹಾಕಿದೆ.
ತರಬೇತಿ ಎಂದು ಬರೆದೆ. ಐವತ್ತೆರಡರ ದುಂಡಪ್ಪನಿಗೆ ಯಾವುದರಲ್ಲಿ?
ಪುನರ್ವಸತಿ ಎಂದು ಬರೆದಾಗ ಅಜ್ಜಿ ನೆನಪಾದಳು,
ಹಿಡಕಲ್ ಹಿನ್ನೀರಿಗೆ ಊರು ಬಿಟ್ಟವಳು.
ಕೊಟ್ಟದ್ದು ಕಡಿಮೆ, ತಡವಾಗಿ, ಬೈಸಿಕೊಂಡು.
ಆದರೂ ನೀರು ಏರುವ ಮೊದಲು ಯಾರೋ ಬಂದು
ಬಾಗಿಲ ಮೇಲೆ ಸುಣ್ಣದಲ್ಲಿ ನಂಬರು ಬರೆದಿದ್ದರು,
ಮಂದಿ ಎಷ್ಟು, ದನ ಎಷ್ಟು, ಬೇವಿನ ಮರ ಎಷ್ಟು.
ಇಲ್ಲಿ ನೀರು ಮೊಣಕಾಲಿಗೆ ಬಂದಿದೆ,
ಸುಣ್ಣವನ್ನೇ ಇನ್ನೂ ಕಲಸಿಲ್ಲ.

ಹಾಗಾಗಿ ಬರೆದೆ: ಮೊದಲು ಎಣಿಸಿ.
ಯಂತ್ರ ಗೇಟು ದಾಟುವ ಮುನ್ನ
ಅದು ಯಾರ ಸಾಲಿನಲ್ಲಿ ನಿಲ್ಲುತ್ತದೆಂದು ಮಾಲೀಕರು ಬರೆದು ಕೊಡಲಿ.
ಎದೆ ತಿನ್ನುವ ಕೆಲಸಕ್ಕೆ ಅದು ಮೊದಲು ಬರಲಿ, ಬೇಗ ಬರಲಿ,
ಉಳಿದ ಪಗಾರದಲ್ಲಿ ಒಂದು ಪಾಲು
ಎದ್ದು ಹೋದವನ ಹಿಂದೆ ಹೋಗಲಿ, ಕೊಲ್ಹಾಪುರದವರೆಗೂ.
ಪುಟ ಮುಗಿಯಿತು.
ಹಸನಸಾಬ ಇನ್ನೂ ಬಂದಿರಲಿಲ್ಲ.
ಹಾಳೆ ತಿರುವಿದೆ.

ಪ್ರಶ್ನೆ ಬರಲಿಲ್ಲ.

ಜನವರಿಯ ಪುಸ್ತಕದಲ್ಲಿ
ಶಾಯಿಯ ಹೆಸರು ಒಂಬತ್ತು, ಪೆನ್ಸಿಲ್ಲಿನವು ಎರಡು.
ಹನ್ನೆರಡನೇ ಸಾಲು ಖಾಲಿ.
ದುಂಡಪ್ಪ ಫೋನು ಮಾಡಿದ್ದ:
‘ಫ್ಯಾನ್ ಬಂತ್ರೀ ಮ್ಯಾಡಮ್.
ಕೆಳಗ ನಿಲ್ಲಾಕ ಎಷ್ಟ್ ಮಂದಿ ಉಳೀತೀವಿ,
ಅದನ್ನೊಂದ್ ಬರಕೋರಿ.’